ಭಾರ ಆಗ್ತಿದೆ

ಆ ದಿನ ಬೆಳಿಗ್ಗೆ ನನ್ನ ಬೆಂಚಿನ ಮೇಲೆ ಎರಡು ನಳಿಗೆಗಳಿದ್ದವು. ಎರಡೂ ನಮ್ಮ ಮನೆಯ ಪಾಯಿಂಟ್ ಟೂ ಟೂ ರೈಫಲ್ಲಿಗೆ ಕೂರುವಂಥವು. ಒಂದು ಮಾಮೂಲಿ ನಳಿಗೆ, ದುಂಡಗೆ, ದಪ್ಪಗೆ, ಮೈಮೇಲೆ ಒಂದು ಗೀರಿಲ್ಲದ್ದು. ಇನ್ನೊಂದು ಫ್ಲೂಟೆಡ್, ಅಂದರೆ ಹೊರಮೈಯಲ್ಲಿ ಉದ್ದಕ್ಕೂ ಕಾಲುವೆ ಕೊರೆದದ್ದು. ಸೌತೆಕಾಯಿಯ ಸಿಪ್ಪೆಯನ್ನು ಪಟ್ಟೆ ಪಟ್ಟೆಯಾಗಿ ಹೆರೆದ ಹಾಗೆ ಕಾಣುತ್ತದೆ. ಕೊರೆದಷ್ಟು ಉಕ್ಕು ಹೋಗುತ್ತದೆ, ಹೋದಷ್ಟು ತೂಕ ಇಳಿಯುತ್ತದೆ. ಅದರಲ್ಲಿರುವ ವಿದ್ಯೆ ಅಷ್ಟೇ.

ಫ್ಲೂಟೆಡ್ ಬೇಗ ತಣ್ಣಗಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಇಷ್ಟು ಸಣ್ಣ ಗುಂಡಿಗೆ ನಳಿಗೆ ಬಿಸಿಯಾಗುವುದೇ ಅಷ್ಟಕ್ಕಷ್ಟೆ; ಬಿಸಿಯೇ ಆಗದ್ದನ್ನು ತಣ್ಣಗೆ ಮಾಡುವುದಕ್ಕೆ ಇಷ್ಟೆಲ್ಲ ಕೊರೆತ ಯಾಕೆ? ಬಂದೂಕು ರಿಪೇರಿಯಲ್ಲೇ ತಲೆ ನರೆತವನು ನಾನು. ನಿಂತು ಗುರಿ ಹೊಡೆಯುವವರಿಗೆ ಮುಂದುಗಡೆ ತೂಕ ಬೇಕು, ತೂಕವಿದ್ದರೆ ರೈಫಲ್ ಅಲ್ಲಾಡದೆ ನಿಲ್ಲುತ್ತದೆ ಎಂದು ಹೇಳಿ ಹೇಳಿ ನನಗೆ ಬಾಯಿನೋವು ಬಂದಿದೆ. ಆದರೂ ಗಿರಾಕಿಗಳು ಕಾಲುವೆ ನೋಡಿ ಬಾಯಿ ಬಿಡುತ್ತಾರೆ.

ಹೊಸ ನಳಿಗೆ ಬೇಕಾದದ್ದು ನನ್ನ ಕಾರಣಕ್ಕೆ. ರೈಫಲ್ ನನ್ನದೂ ನನ್ನ ಮಗಳದೂ. ಭಾನುವಾರ ಕ್ಲಬ್ಬಿನ ರೇಂಜಿಗೆ ಹೋಗುತ್ತೇವೆ, ಮೊದಲು ಅವಳು ಹೊಡೆಯುತ್ತಾಳೆ, ಆಮೇಲೆ ನಾನು. ಕೆಲವು ತಿಂಗಳಿಂದ ನನ್ನ ಗುಂಡುಗಳು ಗುರಿಹಲಗೆಯ ಕೆಳಕ್ಕೆ ಜಾರುತ್ತಿದ್ದವು. ಹಳೆಯ ನಳಿಗೆ ಸವೆದಿದೆ ಎಂದು ತೀರ್ಮಾನ ಮಾಡಿದೆ. ಅವಳ ಗುಂಡುಗಳು ನೆಟ್ಟಗೇ ಹೋಗುತ್ತಿದ್ದವಲ್ಲ ಎಂದು ಯಾರಾದರೂ ಕೇಳಬಹುದು. ಚಿಕ್ಕ ವಯಸ್ಸಿನ ಕಣ್ಣು, ಎಂಥ ನಳಿಗೆಯನ್ನೂ ಸುಧಾರಿಸಿಕೊಳ್ಳುತ್ತದೆ.

ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಕೆಲಸಕ್ಕೆ ಹೊರಟವಳು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಎರಡು ನಳಿಗೆಗಳನ್ನೂ ನೋಡಿದಳು.

“ಅಪ್ಪಾ, ಫ್ಲೂಟೆಡ್ ಹಾಕೋಣ,” ಅಂದಳು.

“ಯಾಕೆ? ಚಂದ ಕಾಣುತ್ತೆ ಅಂತಾನಾ? ಚಂದಕ್ಕೆ ಬೇಕಾದ್ರೆ ಒಂದು ರಿಬ್ಬನ್ ಕಟ್ಟಿ ಕೊಡ್ತೀನಿ.”

ಅವಳು ನಗಲಿಲ್ಲ. ಬೆಂಚಿನ ಅಂಚಿನ ಮೇಲೆ ಬೆರಳಾಡಿಸುತ್ತ ನಿಂತಳು. ಆಮೇಲೆ ಹೇಳಿದಳು, “ಚಂದಕ್ಕಲ್ಲ. ಭಾರ ಆಗ್ತಿದೆ.”

ನನ್ನ ಕೈಯಲ್ಲಿದ್ದ ಅರ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಬೆಂಚಿನ ಕೆಳಗೆ ಬಗ್ಗಿದೆ, ಮುಖ ಅವಳಿಗೆ ಕಾಣಬಾರದಲ್ಲ. ಎದ್ದಾಗ ಅವಳು ಹೋಗಿರಲಿಲ್ಲ. ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳು. “ಆಯ್ತು, ನೋಡೋಣ, ಹೊತ್ತಾಯ್ತು ಹೋಗು,” ಎಂದು ಗದರಿಸಿ ಕಳಿಸಿದೆ.

ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಚೀಲ ತುಂಬಿದ್ದರೆ ‘ತೂಕ ಇದೆ’ ಅನ್ನುತ್ತೇವೆ, ಬೀರು ಸರಿಸಬೇಕಾದರೆ ‘ಒಬ್ಬರ ಕೈಲಿ ಆಗಲ್ಲ’ ಅನ್ನುತ್ತೇವೆ. ‘ಭಾರ ಆಗ್ತಿದೆ’ ಅನ್ನುವುದು ನಮ್ಮಣ್ಣನ ಮಾತು. ಅವನು ಹೋದ ಮೇಲೆ ಅದು ಮನೆಯೊಳಗೆ ಬಂದಿರಲಿಲ್ಲ.

ಅಣ್ಣನೂ ನಾನೂ ಇದೇ ಅಂಗಡಿಯಲ್ಲಿ ಎದುರುಬದುರು ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದೆವು. ಒಂದು ದಿನ ಅವನು ಇಕ್ಕಳವನ್ನು ಕೆಳಗಿಟ್ಟು, ಎಡಗೈಯನ್ನು ಕೊಡವಿಕೊಂಡು, ನಗುತ್ತ, “ಇದ್ಯಾಕೋ ಭಾರ ಆಗ್ತಿದೆ ಕಣೋ,” ಅಂದ. ನಾನೂ ನಕ್ಕೆ. ತಿನ್ನೋದು ಜಾಸ್ತಿ ಮಾಡು ಎಂದು ತಮಾಷೆ ಮಾಡಿದೆ. ಆಮೇಲೆ ಬೀಗದ ಕೈ ತಿರುಗಿಸುವುದು ಕಷ್ಟವಾಯಿತು, ಆಮೇಲೆ ಅಂಗಿಯ ಗುಂಡಿ, ಆಮೇಲೆ ಮೆಟ್ಟಿಲು. ಕೊನೆಗೆ ಮಾತೂ ಹೋಯಿತು. ಕಣ್ಣು ಮಾತ್ರ ಕಡೆಯ ತನಕ ಎಲ್ಲವನ್ನೂ ನೋಡುತ್ತಿತ್ತು. ನಮ್ಮಪ್ಪನೂ ಹೀಗೇ ಹೋಗಿದ್ದು ಎಂಬುದು ಆಗ ನೆನಪಾಯಿತು. ಆ ಕಾಲದಲ್ಲಿ ಅದನ್ನು ನಿತ್ರಾಣ ಅಂದಿದ್ದರು.

ಇದು ವಂಶದ ರಕ್ತದಲ್ಲಿ ಬರುವ ಕಾಯಿಲೆ ಎಂದು ಡಾಕ್ಟರು ಹೇಳಿದರು. ನಾಣ್ಯ ಚಿಮ್ಮಿದ ಹಾಗೆ, ಕೆಲವರಿಗೆ ಬರುತ್ತದೆ, ಕೆಲವರಿಗಿಲ್ಲ. ಒಮ್ಮೊಮ್ಮೆ ಒಬ್ಬರನ್ನು ಮುಟ್ಟದೆ ದಾಟಿ, ಅವರ ಮಕ್ಕಳ ಮೇಲೆ ಬೀಳುವುದೂ ಉಂಟು. ಪರೀಕ್ಷೆ ಮಾಡಿಸಬಹುದು ಅಂದರು. ನಾನು ಮಾಡಿಸಲಿಲ್ಲ. ಅಣ್ಣನಿಗೆ ಶುರುವಾದ ವಯಸ್ಸನ್ನು ನಾನು ದಾಟಿದ ದಿನ, ಬಚಾವಾದೆ ಎಂದು ಒಳಗೊಳಗೇ ಕುಣಿದಿದ್ದೆ. ನನ್ನನ್ನು ದಾಟಿ ಅದು ಎಲ್ಲಿಗೆ ಹೋಗಬಹುದು ಎಂದು ಯೋಚಿಸಿರಲಿಲ್ಲ.

ಈಗ ಅದನ್ನು ಬಿಟ್ಟು ಬೇರೆ ಯೋಚನೆಯೇ ಇರಲಿಲ್ಲ. ಅವಳಿಗೆ ಇನ್ನೂ ಇಪ್ಪತ್ತು ದಾಟಿದ್ದಷ್ಟೇ. ಇಷ್ಟು ಬೇಗ ಬರುತ್ತದೆಯೇ ಎಂದು ಡಾಕ್ಟರನ್ನು ಕೇಳಬಹುದಿತ್ತು. ಬರುತ್ತದೆ ಅಂದುಬಿಟ್ಟರೆ ಎಂಬ ಹೆದರಿಕೆಗೆ ಫೋನು ಕೈಗೆತ್ತಿಕೊಂಡು ಹಾಗೇ ಕೆಳಗಿಟ್ಟೆ.

ಅಂದಿನಿಂದ ಮಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯತೊಡಗಿದೆ. ಹಲ್ಲುಜ್ಜುವಾಗ, ಚಪ್ಪಲಿ ಹಾಕಿಕೊಳ್ಳುವಾಗ, ಕೂದಲು ಕಟ್ಟುವಾಗ, ಅವಳ ಎಡಗೈ ಎಲ್ಲಿದೆ ಎಂಬುದೇ ನನ್ನ ಧ್ಯಾನ. ಕಳ್ಳನನ್ನು ಹಿಂಬಾಲಿಸಿದ ಪೊಲೀಸಿನವನ ಹಾಗೆ ಮನೆಯೊಳಗೇ ಅವಳ ಹಿಂದೆ ತಿರುಗಿದೆ. ಅಂಗಡಿಗೆ ಕರೆದು, ಕಬ್ಬಿಣದ ತುಂಡುಗಳ ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಇಡು ಅಂದೆ. ಇಟ್ಟಳು. ಮಾರನೆಯ ದಿನ ಬಾಗಿಲ ಹತ್ತಿರ ಇಡು ಅಂದೆ.

“ಈ ಪೆಟ್ಟಿಗೆಗೆ ಒಂದು ಕಡೆ ಕೂರಕ್ಕೆ ಆಗಲ್ವಾ?” ಅಂದಳು. ಆದರೂ ಎತ್ತಿಟ್ಟಳು.

ಅಷ್ಟರಿಂದ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಅಣ್ಣನೂ ಮೊದಮೊದಲು ಎಲ್ಲ ಎತ್ತುತ್ತಿದ್ದ. ಬೆರಳಿನ ಬಲ ನೋಡೋಣವೆಂದು ಎಣ್ಣೆ ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅವಳಿಗೆ ಕೊಟ್ಟೆ. ಮೋಸವಾಗಬಾರದೆಂದು ಮೊದಲು ನಾನೇ ತೆಗೆಯಲು ನೋಡಿದ್ದೆ, ನನ್ನ ಕೈಗೇ ಬಗ್ಗಿರಲಿಲ್ಲ. ಅವಳು ಒಂದೇ ಸಲಕ್ಕೆ ತೆಗೆದು ಕೈಗಿತ್ತು, ಒಂದು ಗಳಿಗೆ ನನ್ನನ್ನೇ ನೋಡಿ ಹೋದಳು. ನಾನು ಮೊದಲೇ ಸಡಿಲ ಮಾಡಿದ್ದೆನಲ್ಲ, ಇದು ಪರೀಕ್ಷೆಯೇ ಅಲ್ಲ ಅಂದುಕೊಂಡೆ.

ಹೆದರಿದವನಿಗೆ ಕಾಣುವುದೆಲ್ಲ ಸಾಕ್ಷಿಯೇ. ಅವಳು ಎರಡು ಸಲ ಎಡ ಮಣಿಕಟ್ಟನ್ನು ಬಲಗೈಯಿಂದ ಒತ್ತಿಕೊಂಡದ್ದು ನೋಡಿದೆ. ರೈಫಲ್ಲಿನ ಪೆಟ್ಟಿಗೆಯನ್ನು ನಾನು ಎತ್ತಲು ಹೋದರೆ ಕಿತ್ತುಕೊಂಡು ತಾನೇ ಒಯ್ಯುತ್ತಿದ್ದಳು. ತನ್ನ ಕೈಯನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಾಗಿಹೋಯಿತು. ಅಣ್ಣನೂ ಯಾರೂ ಇಲ್ಲದಾಗ ಸುತ್ತಿಗೆಯನ್ನು ಎತ್ತಿ ಎತ್ತಿ ನೋಡುತ್ತಿದ್ದ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ನನ್ನ ಹೆಂಡತಿಗೆ ಅದೇನಾಗಿತ್ತೋ, ನನ್ನ ದೊಡ್ಡ ಸ್ಟೀಲ್ ಲೋಟವನ್ನು ಎಲ್ಲೋ ಮೇಲೆತ್ತಿಟ್ಟು, ಗುಬ್ಬಿ ನೀರು ಕುಡಿಯುವಂಥ ಪ್ಲಾಸ್ಟಿಕ್ ಲೋಟದಲ್ಲಿ ಟೀ ಕೊಡತೊಡಗಿದ್ದಳು. ಹಾಲು ಉಳಿಸುತ್ತೀಯಾ ಎಂದು ಕೇಳಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ನನ್ನ ಶರಟುಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸಿ, ತಲೆಯಿಂದ ತೂರಿಸಿಕೊಳ್ಳುವ ಟೀ ಶರ್ಟು ತಂದಿಟ್ಟಿದ್ದಳು. ಅದಕ್ಕೆ ಮಾತ್ರ ನಾನು ಬೈಯಲಿಲ್ಲ. ಈಗಿನ ದರ್ಜಿಗಳು ಗುಂಡಿಯ ಕಾಜನ್ನು ಇರುವೆಯೂ ತೂರದಷ್ಟು ಚಿಕ್ಕದು ಮಾಡುತ್ತಾರೆ, ನನಗೂ ಸಾಕಾಗಿತ್ತು.

ಒಂದು ಸಂಜೆ ಹೆಂಡತಿ ಪಾತ್ರೆ ತೊಳೆಯುತ್ತಿದ್ದಾಗ ಹತ್ತಿರ ಹೋಗಿ ನಿಂತೆ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುವ ಹಾಗಿತ್ತು.

“ಮಗಳ ಕೈ ನೋಡಿದ್ಯಾ?” ಅಂದೆ.

ಅವಳ ಕೈಯಲ್ಲಿದ್ದ ತಟ್ಟೆ ನಿಂತಿತು. “ಅವಳ ಕೈಗೇನಾಗಿದೆ?” ಅಂದಳು.

“ಎಡಗೈ. ಸೋಲ್ತಿರೋ ಹಾಗಿದೆ. ನಮ್ಮಣ್ಣನ ಥರ.”

ಹೆಂಡತಿ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು ನಲ್ಲಿಯ ಕಡೆ ತಿರುಗಿ ನೀರನ್ನು ಜೋರಾಗಿ ಬಿಟ್ಟಳು. ಭುಜ ಅಲುಗುತ್ತಿತ್ತು. ಇವಳಿಗೂ ಗೊತ್ತಿದೆ, ನನಗೆ ಹೇಳದೆ ಇಟ್ಟುಕೊಂಡಿದ್ದಾಳೆ ಎಂದು ಅರ್ಥವಾಯಿತು. ಅಲ್ಲೇ ಗೋಡೆಗೆ ಒರಗಿ ನಿಂತೆ.

ಮಾರನೆಯ ದಿನ ಒಂದು ನಿರ್ಧಾರಕ್ಕೆ ಬಂದೆ. ಫ್ಲೂಟೆಡ್ ಹಾಕಬಾರದು. ಇಂದು ನಳಿಗೆ ಹಗುರ ಮಾಡಿದರೆ ನಾಳೆ ಹಿಡಿಕೆ ಹಗುರ ಮಾಡಬೇಕು, ನಾಡಿದ್ದು ಚಮಚ. ಅಣ್ಣನಿಗೆ ಹಾಗೇ ಮಾಡಿದ್ದೆವು, ಅವನ ಸುತ್ತಲಿನ ಒಂದೊಂದೇ ವಸ್ತುವನ್ನು ಹಗುರ ಮಾಡುತ್ತ ಹೋದೆವು, ಕಡೆಗೆ ಅವನಿಗೆ ತನ್ನ ತಲೆಯೇ ಭಾರವಾಯಿತು. ಮಾಮೂಲಿ ನಳಿಗೆಯನ್ನೇ ಕೂರಿಸುತ್ತೇನೆ. ಅವಳು ಅದನ್ನು ಎತ್ತಿ ನಿಲ್ಲಿಸಿದರೆ ಅವಳಿಗೇನೂ ಆಗಿಲ್ಲ. ನಿಲ್ಲಿಸದಿದ್ದರೆ… ಅದರ ಮುಂದಕ್ಕೆ ನನ್ನ ಬುದ್ಧಿ ಓಡಲಿಲ್ಲ.

ಅಂಗಡಿಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತೆ. ರೈಫಲ್ಲನ್ನು ಬೆಂಚಿನ ವೈಸಿನ ದವಡೆಗೆ ಕಚ್ಚಿಸಿ ಹಳೆಯ ನಳಿಗೆ ಬಿಚ್ಚಿದೆ. ಬಿಚ್ಚಿದ್ದನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರೆ, ನಾನು ಅಂದುಕೊಂಡಷ್ಟು ಸವೆದಿರಲಿಲ್ಲ. ಇರಲಿ, ಕಣ್ಣಿಗೆ ಕಾಣದ ಸವೆತವೂ ಇರುತ್ತದೆ. ಹೊಸದನ್ನು ಹಿಡಿದು ನಿಲ್ಲಿಸುವುದು ಎರಡು ಸ್ಕ್ರೂ ಅಷ್ಟೆ. ಆದರೆ ಆ ದರಿದ್ರ ಸ್ಕ್ರೂಗಳು ಬೆರಳಲ್ಲಿ ನಿಲ್ಲಲಿಲ್ಲ. ಬಿದ್ದವು, ಹುಡುಕಿದೆ, ಮತ್ತೆ ಬಿದ್ದವು. ಈಚೆಗೆ ಬರುವ ಸ್ಕ್ರೂಗಳ ಹಣೆಬರಹವೇ ಇಷ್ಟು, ಹಾವಿನ ಹಾಗೆ ನುಣುಪು. ಮುಂಚೆ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಮಧ್ಯಾಹ್ನವಾಯಿತು.

ಭಾನುವಾರ ಪೆಟ್ಟಿಗೆ ತೆಗೆದು ನೋಡಿದ ಮಗಳ ಮುಖ ಬಾಡಿತು.

“ದುಂಡಿದ್ದನ್ನೇ ಹಾಕಿದ್ಯಾ?”

“ಅದೇ ಸರಿ. ನಿಂತು ಹೊಡೆಯೋರಿಗೆ ತೂಕ ಬೇಕು.”

“ನಾನು ಹೇಳಿದ್ದು ಕೇಳಿಸಲಿಲ್ವಾ ನಿನಗೆ?”

“ಕೇಳಿಸ್ತು,” ಅಂದೆ. ಅವಳು ಪೆಟ್ಟಿಗೆ ಮುಚ್ಚಿ ಎತ್ತಿಕೊಂಡಳು.

ರೇಂಜು ಅಂದರೆ ತಗಡಿನ ಚಾವಣಿಯ ಒಂದು ಉದ್ದನೆಯ ಜಗಲಿ, ಮುಂದೆ ಹುಲ್ಲು, ಆಚೆಗೆ ಮಣ್ಣಿನ ದಿಬ್ಬ. ಅದನ್ನು ನೋಡಿಕೊಳ್ಳುವ ಮುದುಕನನ್ನು ಎಲ್ಲರೂ ಸೀಟಿ ಅನ್ನುತ್ತೇವೆ, ಅವನ ಕೊರಳಲ್ಲಿ ಸದಾ ಒಂದು ಸೀಟಿ ಜೋತಾಡುತ್ತಿರುತ್ತದೆ. ಅಂದು ಬೇರೆ ಯಾರೂ ಬಂದಿರಲಿಲ್ಲ. ಅವನು ಸೀಟಿ ಊದಿ ನಮ್ಮನ್ನು ಗೆರೆಗೆ ಬಿಟ್ಟು, ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಮಗಳು ಕಿವಿಗೆ ಮುಚ್ಚಳ ಹಾಕಿ, ಪಕ್ಕಕ್ಕೆ ತಿರುಗಿ ನಿಂತು, ರೈಫಲ್ಲನ್ನು ಎತ್ತಿದಳು. ಎಡಗೈಯ ಮೊಣಕೈ ಪಕ್ಕೆಗೆ ಕೂತಿತು. ನಾನು ಹಲಗೆಯನ್ನು ನೋಡಲಿಲ್ಲ, ನಳಿಗೆಯ ತುದಿಯನ್ನು ನೋಡಿದೆ. ಅದು ಎದ್ದಿತು, ಸ್ವಲ್ಪ ಆಡಿತು, ನಿಂತಿತು. ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತೇ ಇತ್ತು. ಗುಂಡು ಹೋಯಿತು. ಮತ್ತೊಂದು, ಮತ್ತೊಂದು. ತುದಿ ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಕೈ ಸೋತವರು ಹೀಗೆ ನಿಲ್ಲಿಸಲಾರರು. ಯಾವ ಡಾಕ್ಟರೂ ಇದಕ್ಕಿಂತ ಒಳ್ಳೆಯ ಪರೀಕ್ಷೆ ಮಾಡಲಾರ.

ದುರ್ಬೀನಿನಲ್ಲಿ ಹಲಗೆ ನೋಡಿದೆ. ಗುಂಡುಗಳೆಲ್ಲ ನಡುವಿನ ಕಪ್ಪಿನಲ್ಲಿ ಒಂದರ ಮೈಮೇಲೆ ಒಂದು ಬಿದ್ದಿದ್ದವು. ಹೋದ ಜೀವ ತಿರುಗಿ ಬಂತು. ಕಣ್ಣು ಮಂಜಾಯಿತು, ಅದನ್ನು ಮುಚ್ಚಿಕೊಳ್ಳಲು ದೊಡ್ಡದಾಗಿ ನಕ್ಕೆ.

“ಭಾರ ಅಂತೆ ಭಾರ,” ಅಂದೆ. “ಸೋಮಾರಿತನಕ್ಕೆ ಒಂದು ಹೆಸರು ಬೇಕಿತ್ತು ನಿನಗೆ. ಎಷ್ಟು ಹೆದರಿಸಿಬಿಟ್ಟೆ.”

ಅವಳು ನಗಲಿಲ್ಲ. ರೈಫಲ್ಲಿನ ಬೋಲ್ಟು ತೆರೆದು, ಖಾಲಿ ಇದೆ ಎಂದು ತೋರಿಸಿ, ನನ್ನ ಕಡೆ ನೀಡಿದಳು.

“ಈಗ ನೀನು ಹೊಡಿ ಅಪ್ಪಾ.”

ತಗೊಂಡೆ. ಅಂಥ ಖುಷಿಯಲ್ಲಿ ಒಂದು ಫಿರಂಗಿ ಕೊಟ್ಟರೂ ಎತ್ತುತ್ತಿದ್ದೆ. ಗುಂಡು ತುಂಬಿ, ಹೆಗಲಿಗೊತ್ತಿ, ಹಲಗೆಯ ಕಪ್ಪಿನ ಮೇಲೆ ಗುರಿಯ ಉಂಗುರವನ್ನು ಕೂರಿಸಿದೆ. ಕೂತಿತು. ಆಮೇಲೆ ಇಳಿಯಿತು. ನಾನು ಇಳಿಸಲಿಲ್ಲ, ಅದೇ ಇಳಿಯಿತು. ಮತ್ತೆ ಎತ್ತಿದೆ, ಮತ್ತೆ ಇಳಿಯಿತು. ಕಪ್ಪು ಮೇಲೆ ಹೋಗಿ, ಹಲಗೆಯ ಬಿಳಿ ಬಂತು, ಆಮೇಲೆ ಹುಲ್ಲು. ಎಡಗೈಯ ಹೆಬ್ಬೆರಳ ಬುಡದಲ್ಲಿ ಚರ್ಮದ ಕೆಳಗೆ ಏನೋ ಹುಳು ಹರಿದ ಹಾಗೆ ಅದುರುತ್ತಿತ್ತು. ಈ ಅದುರು ಎಷ್ಟು ದಿನದಿಂದ ಇತ್ತು, ನಾನು ಯಾಕೆ ನೋಡಿರಲಿಲ್ಲ?

ನಳಿಗೆ ಸವೆದಿದೆ ಅನ್ನಲು ಬಾಯಿ ತೆರೆದೆ. ನಳಿಗೆ ಹೊಸದು. ಕೂರಿಸಿದ್ದು ಸರಿಯಿಲ್ಲ ಅನ್ನೋಣವೆಂದರೆ ಕೂರಿಸಿದವನು ನಾನೇ. ಅದೇ ನಳಿಗೆಯಲ್ಲಿ ಈಗಷ್ಟೇ ಅವಳು ಒಂದರ ಮೈಮೇಲೆ ಒಂದು ಗುಂಡು ಹೊಡೆದಿದ್ದಳು. ದೂರಲು ಏನೂ ಉಳಿದಿರಲಿಲ್ಲ.

ನಳಿಗೆ ನೆಲ ನೋಡುವ ಮೊದಲೇ ಮಗಳ ಕೈ ಹಿಂದಿನಿಂದ ಬಂದು ನನ್ನ ಎಡಗೈಯ ಕೆಳಗೆ ಕೂತಿತು. ತೂಕ ಪೂರ್ತಿ ಅವಳ ಅಂಗೈಗೆ ಹೋಯಿತು.

“ಬೆರಳು ತೆಗಿ ಅಪ್ಪಾ, ಟ್ರಿಗರ್ ಮೇಲಿಂದ,” ಅಂದಳು ಮೆಲ್ಲಗೆ. ತೆಗೆದೆ. ಅವಳು ಗುಂಡು ಹೊರತೆಗೆದು ರೈಫಲ್ಲನ್ನು ಮೇಜಿನ ಮೇಲಿಟ್ಟಳು.

“ನೀನು ಭಾರ ಆಗ್ತಿದೆ ಅಂದ್ಯಲ್ಲ,” ಅಂದೆ.

“ಅಂದೆ. ನನಗೆ ಅಂತ ಯಾವಾಗ ಅಂದೆ?”

ಅವಳು ನಿಜವಾಗಿಯೂ ಅಂದಿರಲಿಲ್ಲ. ಯಾರಿಗೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

“ಆ ಮಾತು ಅಂದ್ರೆ ನಿನಗೆ ಗೊತ್ತಾಗುತ್ತೆ ಅಂದ್ಕೊಂಡೆ,” ಅಂದಳು. “ದೊಡ್ಡಪ್ಪನ ಮಾತಲ್ವಾ. ನೇರವಾಗಿ ಹೇಳೋಕೆ ನನಗೂ ಅಮ್ಮನಿಗೂ ಧೈರ್ಯ ಬರಲಿಲ್ಲ. ಹಗುರದ್ದು ಹಾಕಿದ್ರೆ ಇನ್ನೊಂದಷ್ಟು ದಿನ ನೀನು ಹೊಡಿಬಹುದಿತ್ತು, ಅಷ್ಟೇ.”

ಪ್ಲಾಸ್ಟಿಕ್ ಲೋಟ ಕಣ್ಣ ಮುಂದೆ ಬಂತು. ಗುಂಡಿಯಿಲ್ಲದ ಅಂಗಿಗಳು. ‘ಅವಳ ಕೈಗೇನಾಗಿದೆ’ ಎಂದು ನನ್ನ ಹೆಂಡತಿ ಕೇಳಿದ್ದು. ಇಬ್ಬರೂ ಸೇರಿ ನನ್ನ ಸುತ್ತಲಿನ ಒಂದೊಂದೇ ವಸ್ತುವನ್ನು ಹಗುರ ಮಾಡುತ್ತ ಬಂದಿದ್ದರು, ನಾವು ಅಣ್ಣನಿಗೆ ಮಾಡಿದ ಹಾಗೇ. ಹೆದರಿಕೆ ಅಷ್ಟು ದಿನ ಹೊರಗಡೆ ಎಲ್ಲೋ ಓಡಾಡಿಕೊಂಡಿತ್ತು. ಈಗ ಸೀದಾ ನನ್ನೊಳಗೆ ಬಂದು ಕೂತಿತು. ಹಿಂದಿದ್ದ ಬೆಂಚಿನ ಮೇಲೆ ಕೂತೆ.

“ಹೌದು,” ಅಂದೆ ಕೊನೆಗೆ. “ನನಗೆ ಭಾರ ಆಗ್ತಿದೆ.”

ಅವಳು ಪಕ್ಕದಲ್ಲಿ ಕೂತು ನನ್ನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳ ಬುಡದ ಅದುರನ್ನು ಬೆರಳಿಂದ ಒತ್ತಿದಳು. ಅದು ನಿಲ್ಲಲಿಲ್ಲ. ನನ್ನಲ್ಲಿ ಇದೆ ಅಂದಮೇಲೆ ನಾಣ್ಯ ಅವಳಿಗೂ ಚಿಮ್ಮಿದೆ, ಹೇಗೆ ಬೀಳುತ್ತದೋ ಗೊತ್ತಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ನನ್ನನ್ನು ದಾಟಿ ಅವಳ ಮೇಲೆ ಬಿತ್ತು ಎಂದು ಇದುವರೆಗೆ ಹೆದರಿದ್ದೆ. ದಾಟದೆ ನನ್ನಲ್ಲೇ ನಿಂತರೂ ಅವಳಿಗೆ ಬರುವ ಹೆದರಿಕೆ ಹಾಗೇ ಉಳಿಯಿತು.

ಕೇಳಬಾರದು ಎಂದುಕೊಂಡೇ ಕೇಳಿಬಿಟ್ಟೆ. “ನಿನಗೆ?”

ಅವಳು ತನ್ನ ಎಡಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡಳು. ಎಷ್ಟೋ ಸಲ ಮಾಡಿ ರೂಢಿಯಾದವರ ಹಾಗೆ ಮಾಡಿದಳು.

“ಇನ್ನೂ ಇಲ್ಲ,” ಅಂದಳು.

ಇಲ್ಲ ಅಂದಿದ್ದರೆ ಸಾಕಿತ್ತು. ಆ ‘ಇನ್ನೂ’ ಅನ್ನುವುದನ್ನು ಇವಳು ಕನ್ನಡಕದ ಅಂಗಡಿಗೂ ರೇಂಜಿಗೂ ನಮ್ಮ ಅಡುಗೆಮನೆಗೂ ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು, ನಾನು ಸ್ಕ್ರೂಗಳಿಗೆ ಬೈಯುತ್ತ ಕೂತಿದ್ದೆ.

ಮುದುಕ ಸೀಟಿ ಊದಿದ. ಹೊತ್ತು ಮುಗಿದಿತ್ತು. ರೈಫಲ್ಲನ್ನು ಪೆಟ್ಟಿಗೆಗೆ ಸೇರಿಸಿ ಅವಳು ಎತ್ತಿಕೊಂಡಳು. ಈ ಸಲ ನಾನು ಅಡ್ಡ ಬರಲಿಲ್ಲ. ರಸ್ತೆಯವರೆಗೂ ಇಬ್ಬರೂ ನಡೆದೆವು. ಅವಳು ನನ್ನ ಕೈ ನೋಡುತ್ತಿದ್ದಳು, ನಾನು ಅವಳದು.